ಊರಮ್ಮನ ಹೆಸರಿನಲ್ಲಿ ನಾಲ್ವರ ಕೂಲಿ

ಮೀನಾಕ್ಷಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಹರಿಹರದಿಂದ ದಾವಣಗೆರೆಗೆ ಬರುವಷ್ಟರಲ್ಲೇ ಬಸ್ಸಿನಲ್ಲಿ ಎರಡು ಸಲ ಸೀಟು ಬದಲಿಸುತ್ತಾಳೆ. ಬಾತಿ ದಾಟುವ ಹೊತ್ತಿಗೆ ಚೀಲ ತೆರೆದು ಲ್ಯಾಪ್‌ಟಾಪು ಇದೆಯೇ ಎಂದು ನೋಡುತ್ತಾಳೆ. ಇಳಿಯುವ ಮುನ್ನ ಮತ್ತೆ ನೋಡುತ್ತಾಳೆ. ಐವತ್ತರ ಹತ್ತಿರದ ಹೆಂಗಸು. ಹುಟ್ಟಿದ್ದು ಹದಡಿಯಲ್ಲಿ, ಬಿ.ಕಾಂ. ಓದಿದ್ದು ದಾವಣಗೆರೆಯಲ್ಲಿ, ಮದುವೆಯಾಗಿ ಸೇರಿದ್ದು ಹರಿಹರಕ್ಕೆ. ಬಹಳ ವರ್ಷ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆದಳು. ಆ ಅಂಗಡಿ ಮುಚ್ಚಿದ ಮೇಲೆ ಸಣ್ಣ ವ್ಯಾಪಾರಿಗಳ ಲೆಕ್ಕಗಳನ್ನು ತಾನೇ ವಹಿಸಿಕೊಂಡು ಎರಡೂ ಊರುಗಳ ನಡುವೆ ಓಡಾಡುತ್ತಾಳೆ. ಹರಿಹರದಲ್ಲಿ ಒಂದು ಔಷಧಿ ಅಂಗಡಿ, ಒಂದು ಪೈಪು-ನಲ್ಲಿಗಳ ಅಂಗಡಿ. ದಾವಣಗೆರೆಯಲ್ಲಿ ನಾಗರಾಜಪ್ಪನವರ ಮಂಡಕ್ಕಿ ಭಟ್ಟಿ.

ಅವಳಿಗೆ ‘ಇತರೆ’ ಎಂಬ ಬಾಬ್ತನ್ನು ಕಂಡರೆ ಆಗುವುದಿಲ್ಲ. ಲೆಕ್ಕದಲ್ಲಿ ಯಾವುದಾದರೂ ಖರ್ಚು ಯಾವ ಬಾಬ್ತಿಗೂ ಸೇರದೆ ‘ಇತರೆ’ಯಲ್ಲಿ ಉಳಿದರೆ ಅವಳಿಗೆ ಅನ್ನ ಸೇರದು. ಇದನ್ನು ಶಿಸ್ತು ಎಂದು ಅವಳು ತಿಳಿದಿದ್ದಾಳೆ. ಶಿಸ್ತು ಸ್ವಲ್ಪ ಮಟ್ಟಿಗೆ ನಿಜ. ಉಳಿದದ್ದು ಸಂಶಯವನ್ನು ತಡೆದುಕೊಳ್ಳಲಾರದ ಸ್ವಭಾವ.

ಬಾಡಿಗೆ ಕಟ್ಟಬೇಕಾದ ಲೆಕ್ಕದ ತಂತ್ರಾಂಶಗಳು ಅವಳಿಗೆ ಗಿಟ್ಟುವಂಥವಲ್ಲ. ತಂಗಿಯ ಮಗಳು ಚೈತ್ರಾ ಒಂದು ಮುಕ್ತ ತಂತ್ರಾಂಶವನ್ನು ಹಾಕಿಕೊಟ್ಟಳು. ಅದಕ್ಕೆ ದುಡ್ಡಿಲ್ಲ, ಬರೆದವರು ಅದರ ಒಳಗನ್ನೆಲ್ಲ ಲೋಕಕ್ಕೆ ತೆರೆದಿಟ್ಟಿದ್ದಾರೆ, ಬಲ್ಲವರು ತಿದ್ದಿಕೊಳ್ಳಬಹುದು. ಬ್ಯಾಂಕಿನಿಂದ ತಿಂಗಳ ವಿವರವನ್ನು ಇಳಿಸಿಕೊಂಡು ಅದರೊಳಗೆ ತುಂಬಿದರೆ ಕೊಟ್ಟದ್ದು, ಬಂದದ್ದು ಎಲ್ಲ ಸಾಲುಸಾಲಾಗಿ ನಿಲ್ಲುತ್ತದೆ. ಪ್ರತಿ ಸಾಲಿಗೂ ಒಂದು ಬಾಬ್ತು ಬರೆಯಬೇಕು. ಮೊದಲು ಒಂದೊಂದನ್ನೇ ಕೈಯಿಂದ ಬರೆಯುತ್ತಿದ್ದಳು. ಆಮೇಲೆ ನಿಯಮಗಳನ್ನು ಕಲಿತಳು. ‘ವಿವರದಲ್ಲಿ ಇಂಥ ಹೆಸರಿದ್ದರೆ ಇಂಥ ಬಾಬ್ತಿಗೆ ಹಾಕು’ ಎಂದು ಒಮ್ಮೆ ಬರೆದಿಟ್ಟರೆ ಮುಂದೆ ಬರುವ ಸಾಲುಗಳೆಲ್ಲ ತಾವಾಗಿಯೇ ಹೋಗಿ ಕೂರುತ್ತವೆ. ಹಿಂದಿನವನ್ನೂ ಹಿಡಿದು ಕೂರಿಸಬೇಕಾದರೆ ಇನ್ನೊಂದು ಗುಂಡಿ ಒತ್ತಬೇಕು, ಅಷ್ಟೆ. ಯಾವುದಾದರೂ ಸಾಲನ್ನು ಕೈಯಿಂದ ತಿದ್ದಿದರೂ ಯಂತ್ರವೇ ಕೇಳುತ್ತದೆ: ‘ಇದರಿಂದ ಒಂದು ನಿಯಮ ಮಾಡಲೇ?’ ಮೀನಾಕ್ಷಿ ಯಾವಾಗಲೂ ‘ಹೌದು’ ಒತ್ತುತ್ತಿದ್ದಳು.

ನಿಯಮದ ಹುಚ್ಚು ಎಷ್ಟು ಹತ್ತಿತೆಂದರೆ ಮನೆಯಲ್ಲೂ ಅದೇ ಮಾತು. ಅವಳ ಗಂಡ ಅಂಜನಕುಮಾರ ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್.

“ನನಗೂ ಒಂದು ರೂಲು ಬರೀ ಮಾರಾಯ್ತಿ. ‘ಚಾ’ ಅಂತ ಬಂದ್ರೆ ‘ಕೊಡು’ ಅಂತ. ದಿನಾ ಬಾಯ್ಬಿಟ್ಟು ಕೇಳೋದು ತಪ್ತದೆ.”

“ಬರೀತೀನಿ. ಆದ್ರೆ ಹಿಂದಿಂದಕ್ಕೂ ಹಾಕ್ಬೇಕಾಗ್ತದೆ. ಇಷ್ಟು ವರ್ಷ ಕುಡಿದಿದ್ದಕ್ಕೆಲ್ಲ ಲೋಟ ತೊಳೀತೀರೇನು?”

ನಾಗರಾಜಪ್ಪನವರ ಭಟ್ಟಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕೂತ ನಿಯಮ ಊರಮ್ಮನದು. ಭಟ್ಟಿಯಲ್ಲಿ ನಾಲ್ವರು ಹೆಂಗಸರ ಒಂದು ಗುಂಪಿದೆ: ಊರಮ್ಮ, ಖತೀಜಾಬೀ, ಉಚ್ಚೆಂಗೆಮ್ಮ, ಸುನೀತಾ. ಒಬ್ಬಳು ಒಲೆಯ ಮುಂದೆ ನಿಂತು ಕಾದ ಮರಳಿನಲ್ಲಿ ಅಕ್ಕಿಯನ್ನು ಅರಳಿಸುತ್ತಾಳೆ; ಉಳಿದವರು ಮರಳನ್ನು ಜರಡಿ ಹಿಡಿದು ಮಂಡಕ್ಕಿಯನ್ನು ಚೀಲಕ್ಕೆ ತುಂಬುತ್ತಾರೆ. ಕೂಲಿ ಗುತ್ತಾ ಲೆಕ್ಕದಲ್ಲಿ. ವಾರದಲ್ಲಿ ಎಷ್ಟು ಚೀಲ ಆಯಿತೋ ಅಷ್ಟರ ಒಟ್ಟು ಹಣವನ್ನು ಶನಿವಾರ ನಾಗರಾಜಪ್ಪನವರು ಊರಮ್ಮನ ಫೋನಿಗೆ ಹಾಕುತ್ತಾರೆ. ಅವಳು ಮೂಲೆಯ ಅಂಗಡಿಯಲ್ಲಿ ಅದನ್ನು ನೋಟು ಮಾಡಿಸಿಕೊಂಡು ಬಂದು ಹಂಚುತ್ತಾಳೆ. ಹೇಗೆ ಹಂಚಿಕೊಳ್ಳುತ್ತಾರೆ ಎಂಬುದು ಅವರವರ ವ್ಯವಹಾರ. ಯಜಮಾನ ಕೇಳುವ ಪದ್ಧತಿಯಿಲ್ಲ. ಬ್ಯಾಂಕಿನ ವಿವರದಲ್ಲಿ ಕಾಣುವುದು ಒಂದೇ ಹೆಸರು. ಮೀನಾಕ್ಷಿಯ ನಿಯಮವೂ ಒಂದೇ ಸಾಲು: ‘ಊರಮ್ಮ ಎಂದಿದ್ದರೆ, ಬಾಬ್ತು ಕೂಲಿ, ಪಡೆದವರು ಊರಮ್ಮ.’ ಒಂದು ಸಾಲೂ ‘ಇತರೆ’ಯಲ್ಲಿ ಉಳಿಯಲಿಲ್ಲ. ಅವಳಿಗೆ ತೃಪ್ತಿಯಾಯಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಖತೀಜಾಬೀಯ ಬಲಗೈ ಮೇಲೆ ಕಾದ ಮರಳು ಸುರಿಯಿತು. ಬಾಣಲೆಯ ಒಂದು ಕಿವಿ ಮುರಿದು ಅದು ವಾಲಿತ್ತು. ಮೊಣಕೈಯಿಂದ ಬೆರಳಿನ ತನಕ ಸುಟ್ಟಿತು. ಆಸ್ಪತ್ರೆಯ ಮೊದಲ ಖರ್ಚನ್ನು ನಾಗರಾಜಪ್ಪನವರು ಕೊಟ್ಟರು. ಅದರ ಮುಂದಿನದಕ್ಕೆ ಅವರು ಕೂಲಿಗಳಿಗಾಗಿ ಮಾಡಿಸಿದ್ದ ವಿಮೆ ಇತ್ತು. ವಿಮೆ ಕೈಕೊಟ್ಟರೆ ಖತೀಜಾಬೀಗೆ ಕೈಯೂ ಇಲ್ಲ, ಕೂಲಿಯೂ ಇಲ್ಲ. ಗಂಡ ತೀರಿಕೊಂಡಿದ್ದಾನೆ, ಮಗನ ದುಡಿಮೆ ಮಗನ ಸಂಸಾರಕ್ಕೇ ಸಾಲದು.

ವಿಮೆಯವರು ಕೇಳಿದ್ದು ಒಂದೇ: ಅವಘಡದ ಹಿಂದಿನ ಮೂರು ತಿಂಗಳಲ್ಲಿ ಖತೀಜಾಬೀಗೆ ಕೊಟ್ಟ ಕೂಲಿಯ ಲೆಕ್ಕ.

“ಪಾಲಿಸಿ ಐತಲ್ರಿ ಮೀನಾಕ್ಷಮ್ಮ. ನಾಕು ಜನ ಅಂತ ಬರ್ಸೀನಿ. ಕಂತು ಒಂದು ಸಲ ತಪ್ಪಿಲ್ಲ. ಇನ್ನೇನು ಬೇಕಂತೆ ಅವರಿಗೆ?” ಎಂದರು ನಾಗರಾಜಪ್ಪ.

“ಆ ನಾಕು ಜನ ಯಾರು ಅಂತ ಬೇಕಂತೆ, ಸಾವ್ಕಾರ್ರೇ.”

ಮೀನಾಕ್ಷಿ ಲೆಕ್ಕ ತೆರೆದು ಅವರಿಗೆ ತೋರಿಸಿದಳು. ಭಟ್ಟಿಯಲ್ಲಿ ಕೆಲಸ ಮಾಡಿದವಳು ಒಬ್ಬಳೇ, ಊರಮ್ಮ. ಅವಳಿಗೆ ಬಂದ ಕೂಲಿ ನೋಡಿದರೆ ಬ್ಯಾಂಕಿನ ಗುಮಾಸ್ತರೂ ಹೊಟ್ಟೆಕಿಚ್ಚು ಪಡಬೇಕು. ಖತೀಜಾಬೀ ಎಂಬ ಹೆಂಗಸು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ವಿಮೆಯ ಸರ್ವೇಯರ್ ಶಿವಕುಮಾರ ಮರುದಿನವೇ ಬರುವವನಿದ್ದ. ಮೀನಾಕ್ಷಿಗೆ ಕೈಕಾಲು ನಿಲ್ಲಲಿಲ್ಲ. ಊರಮ್ಮನನ್ನು ಕೇಳಬಹುದಿತ್ತು, ಅವಳು ಇಪ್ಪತ್ತು ಹೆಜ್ಜೆ ಆಚೆ ಜರಡಿ ಹಿಡಿದಿದ್ದಳು. ಕೇಳಲು ಕೂತರೆ ಹೊತ್ತು ಹೋಗುತ್ತದೆ, ಬಸ್ಸು ತಪ್ಪುತ್ತದೆ, ಉತ್ತರ ನೆಟ್ಟಗೆ ಬರುವುದಿಲ್ಲ. ಅವಳು ಹೊಸ ನಿಯಮ ಬರೆದಳು: ‘ಊರಮ್ಮ ಎಂದಿದ್ದರೆ, ನಾಲ್ಕು ಸಮಪಾಲು ಮಾಡು, ನಾಲ್ವರ ಹೆಸರಿಗೆ ಹಾಕು.’ ಹಿಂದಿನದಕ್ಕೆಲ್ಲ ಅನ್ವಯಿಸುವ ಗುಂಡಿ ಒತ್ತಿದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ವರ್ಷದ ಕೂಲಿಯೆಲ್ಲ ನಾಲ್ಕಾಗಿ ಸೀಳಿಕೊಂಡಿತು. ನಾಲ್ವರು ಹೆಂಗಸರು, ನಾಲ್ಕು ಸಮ ಮೊತ್ತಗಳು. ಅಚ್ಚು ತೆಗೆದು ನಾಗರಾಜಪ್ಪನವರ ಮೇಜಿನ ಮೇಲಿಟ್ಟು ಬಸ್ಸು ಹಿಡಿದಳು.

ಸಮನಾಗಿ ಹಂಚುವುದು ಬಹಳ ಸಲ ಸೋಮಾರಿಯ ನ್ಯಾಯ. ಅಂದು ಅವಳಿಗೆ ಹಾಗನ್ನಿಸಲಿಲ್ಲ.

ಶಿವಕುಮಾರ ಮೃದು ಮಾತಿನ, ಗಟ್ಟಿ ಮನುಷ್ಯ. ಕಾಗದವನ್ನು ಓದಿ ಮಡಿಸಿಟ್ಟ. ಕೈಗೆ ಬಟ್ಟೆ ಸುತ್ತಿಕೊಂಡು ಬಂದು ಕೂತಿದ್ದ ಖತೀಜಾಬೀಯನ್ನು ಕೇಳಿದ:

“ನಿಮಗೆ ವಾರಕ್ಕೆ ಎಷ್ಟು ಬರ್ತಿತ್ತು ಅಮ್ಮ?”

“ಹೆಂಗೆ ಹೇಳ್ಲಿ ಸಾಬ್? ಚೀಲ ಎಷ್ಟಾತೋ ಅಷ್ಟು. ನಂದು ಒಂದೂವರೆ ಪಾಲು.”

“ಎಲ್ಲರಿಗೂ ಒಂದೂವರೇನಾ?”

“ಎಲ್ರಿಗೂ ಒಂದೂವರೆ ಆದ್ರೆ ಅದು ಒಂದೇ ಆತಲ್ಲ ಸಾಬ್!”

ಜರಡಿಯ ಹಿಂದಿನಿಂದ ಉಚ್ಚೆಂಗೆಮ್ಮ ನಕ್ಕಳು. ಅವಳು ನಾಲ್ವರಲ್ಲಿ ಹಿರಿಯಳು. ನಗು ಬಂದರೆ ತಡೆಯುವವಳಲ್ಲ. ಶಿವಕುಮಾರ ನಗಲಿಲ್ಲ. ಊರಮ್ಮನನ್ನೂ ಕೇಳಿದ. ಒಲೆ ಮುಂದೆ ನಿಂತವಳಿಗೆ ಒಂದೂವರೆ, ಉಳಿದವರಿಗೆ ಒಂದು ಎಂದು ಅವಳೂ ಹೇಳಿದಳು. ಆಗ ಅವನು ಮೀನಾಕ್ಷಿಯ ಕಡೆ ತಿರುಗಿ ಲ್ಯಾಪ್‌ಟಾಪು ತೋರಿಸಲು ಹೇಳಿದ. ಆ ತಂತ್ರಾಂಶಕ್ಕೆ ಒಂದು ಗುಣವಿದೆ: ಯಾವ ಸಾಲನ್ನು ಯಾವಾಗ ತಿದ್ದಿದರು ಎಂಬುದನ್ನು ಅದು ಬರೆದಿಟ್ಟುಕೊಳ್ಳುತ್ತದೆ. ವರ್ಷದುದ್ದದ ಸಾಲುಗಳೆಲ್ಲ ನಿನ್ನೆ ಮಧ್ಯಾಹ್ನ ಒಂದೇ ಗಳಿಗೆಯಲ್ಲಿ ಬದಲಾಗಿದ್ದವು.

“ಮೇಡಂ, ಇದು ಲೆಕ್ಕ ಅಲ್ಲ. ನಾನು ಬರ್ತೀನಿ ಅಂತ ಮಾಡಿದ್ದು,” ಎಂದ. “ಈ ಹೆಂಗಸರು ನಿಜ ಹೇಳ್ತಿದಾರೋ ನಿಮ್ಮ ಕಾಗದ ನಿಜ ಹೇಳ್ತದೋ, ಎರಡರಲ್ಲಿ ಒಂದು. ಸೋಮವಾರ ಮತ್ತೆ ಬರ್ತೀನಿ. ಅವತ್ತೂ ಹಿಂಗೇ ಇದ್ರೆ ಅರ್ಜಿ ತಿರಸ್ಕಾರ ಅಂತ ಬರೀಬೇಕಾಗ್ತದೆ.”

ಅವನು ಹೋದ ಮೇಲೆ ಖತೀಜಾಬೀ ಮೀನಾಕ್ಷಿಯ ಮುಖವನ್ನೇ ನೋಡಿದಳು. “ನಾನು ಸುಳ್ಳು ಹೇಳಿದೆ ಅಂತ ಆತೇನ್ರಿ ಅಕ್ಕಾರೆ?”

ಮೀನಾಕ್ಷಿ ಎದ್ದು ನಿಂತಳು, ಕೂತಳು, ಚೀಲದ ಜಿಪ್ಪು ಎಳೆದಳು, ಬಿಟ್ಟಳು.

ನಾಗರಾಜಪ್ಪನವರಿಗೆ ಒಂದು ಉಪಾಯ ಹೊಳೆಯಿತು. “ಹಳೇದು ಕಾಪಿ ತೆಗೆದಿಟ್ಟಿರ್ತೀರಲ್ಲ, ಅದನ್ನೇ ತಂದು ಹಾಕಿಬಿಡ್ರಿ. ನಿನ್ನೆ ಮಾಡಿದ್ದೇ ಅಳಿಸಿಹೋಗ್ತದೆ. ಅದರ ಮ್ಯಾಲೆ ಒಂದೂವರೆ ಪಾಲಿನ ರೂಲು ಹಾಕಿದ್ರಾತು.”

ಪ್ರತಿ ಶನಿವಾರ ಲೆಕ್ಕದ ಒಂದು ನಕಲನ್ನು ತೆಗೆದಿಡುವುದು ಅವಳ ರೂಢಿ. ಅದನ್ನು ತಂದು ಹಾಕಲು ಒಂದು ಗುಂಡಿ ಸಾಕು. ಅವಳ ಬೆರಳು ಅಲ್ಲಿಯ ತನಕ ಹೋಗಿತ್ತು ಎಂದು ಅವಳೇ ಹೇಳಿದ್ದಾಳೆ. ಆದರೆ ಯಾವ ವಾರ ಒಲೆಯ ಮುಂದೆ ಯಾರಿದ್ದರೆಂಬುದು ನಿಯಮಕ್ಕೆ ಗೊತ್ತಿಲ್ಲ. ನಿಯಮ ಹೆಸರನ್ನು ನೋಡುತ್ತದೆ, ಮೊತ್ತವನ್ನು ನೋಡುತ್ತದೆ, ಒಲೆಯನ್ನು ನೋಡುವುದಿಲ್ಲ.

“ತಪ್ಪು ಮಾಡಿದ್ದು ಅಲ್ಲೇ ಇರ್ಲಿ ಸಾವ್ಕಾರ್ರೇ. ಅವನು ನೋಡ್ಯಾನೆ. ಅಳಿಸಿದ್ರೆ ಎರಡನೇ ತಪ್ಪಾಗ್ತದೆ.”

ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಭಟ್ಟಿಯ ಹಿಂದಿನ ನೆರಳಿಗೆ ಹೋಗಿ ಹೆಂಗಸರ ಜೊತೆ ಗೋಣಿಚೀಲದ ಮೇಲೆ ಕೂತಳು. ಖತೀಜಾಬೀಯೂ ಬಂದಿದ್ದಳು. ಸುನೀತಾಳ ಕೂಸು ಸೀರೆಯ ಜೋಲಿಯಲ್ಲಿ ಮಲಗಿತ್ತು. ಮೀನಾಕ್ಷಿ ಮೂರು ತಿಂಗಳ ಶನಿವಾರಗಳನ್ನು ಒಂದೊಂದಾಗಿ ತೆರೆದು ಕೇಳತೊಡಗಿದಳು. ತಾರೀಕು ಹೇಳಿದರೆ ಅವರಿಗೆ ಏನೂ ತಿಳಿಯಲಿಲ್ಲ. ಅವರ ವಾರಗಳಿಗೆ ಬೇರೆ ಹೆಸರುಗಳಿದ್ದವು: ಕೂಸಿಗೆ ಹೆಸರಿಟ್ಟ ವಾರ, ನಲ್ಲಿ ನೀರು ಬರದ ವಾರ, ಖತೀಜಾಬೀ ಬಾತಿ ದರ್ಗಾಕ್ಕೆ ಹೋಗಿ ಬಂದ ವಾರ.

“ನೀರು ಬರದ ವಾರ ಬೆಂಕಿ ಮುಂದೆ ನಾನು ನಿಂತಿದ್ದೆ,” ಎಂದಳು ಉಚ್ಚೆಂಗೆಮ್ಮ.

“ನೀ ನಿಂತಿದ್ದು ಒಂದು ಹೊತ್ತು. ಉಳಿದಿದ್ದೆಲ್ಲ ಬೀಬೀನೇ,” ಎಂದು ಊರಮ್ಮ ಖತೀಜಾಬೀಯನ್ನು ತೋರಿಸಿದಳು.

“ಒಂದು ಹೊತ್ತು ಅಂದ್ರೆ ಬೆಂಕಿ ತಣ್ಣಗಿರ್ತಿತ್ತೇನವ್ವ?”

“ತಣ್ಣಗಿರ್ತಿರ್ಲಿಲ್ಲ. ನೀನು ಇರ್ತಿರ್ಲಿಲ್ಲ. ಚಾ ಕುಡಿಯಾಕೆ ಹೋದ್ರೆ ಸಂಜೆಗೆ ಬರಾಕಿ ನೀನು.”

ಸುನೀತಾ ನಡುವೆ ಬಾಯಿ ಹಾಕಿದಳು: “ಆ ವಾರ ಪಾಲು ಹೆಂಗಾತು ಅಂತ ಕೇಳ್ತಾರೆ. ಯಾರು ಚಾ ಕುಡಿದ್ರು ಅಂತಲ್ಲ.”

“ನಿನಗೇನು, ಕೂಸು ಐತೆ ಅಂತ ಬೆಂಕಿ ಕಡೆ ತಲೆ ಹಾಕಿಲ್ಲ. ಪೂರ್ತಿ ಪಾಲು ತಗೊಂಡಿ,” ಎಂದಳು ಉಚ್ಚೆಂಗೆಮ್ಮ.

“ಕೊಟ್ರಿ, ತಗೊಂಡೆ. ಬ್ಯಾಡ ಅನ್ಬೇಕಿತ್ತೇನು?”

ಮೀನಾಕ್ಷಿಗೆ ತಲೆ ಬಿಸಿಯಾಯಿತು. ಕಾಲಿನ ಹೆಬ್ಬೆರಳು ಚಪ್ಪಲಿಯನ್ನು ತಟ್ಟುತ್ತಲೇ ಇತ್ತು. “ಯಾವುದಾದ್ರೂ ಒಂದು ಹೇಳ್ರವ್ವ. ಬರ್ಕೊಂಡು ಮುಂದಕ್ಕೆ ಹೋಗ್ತೀನಿ.”

ಊರಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. “ಯಾವುದಾದ್ರೂ ಒಂದು ಬರ್ಕೊಂಡೇ ಅಲ್ಲೇನ್ರಿ ಮೊನ್ನೆ ಕೆಟ್ಟಿದ್ದು?”

ಅದಾದ ಮೇಲೆ ಮೀನಾಕ್ಷಿ ಅವಸರ ಮಾಡಲಿಲ್ಲ. ಮಾಡಲಿಲ್ಲ ಎಂದರೆ ಬಾಯಲ್ಲಿ ಮಾಡಲಿಲ್ಲ. ಹೆಬ್ಬೆರಳು ತನ್ನ ಕೆಲಸವನ್ನು ಮುಂದುವರಿಸಿತು.

ಒಂದೊಂದಾಗಿ ವಿಷಯಗಳು ಹೊರಬಂದವು. ಬಹುಪಾಲು ವಾರ ಒಲೆಯ ಮುಂದೆ ನಿಂತವಳು ಖತೀಜಾಬೀಯೇ. ಸುನೀತಾ ಹಸಿ ಬಾಣಂತಿಯಾಗಿ ಕೆಲಸಕ್ಕೆ ಮರಳಿದ ಮೇಲೆ ಅವಳ ಸರದಿಯೂ ಖತೀಜಾಬೀಗೆ ಬಿದ್ದಿತ್ತು. ಉಚ್ಚೆಂಗೆಮ್ಮ ಮಗಳ ಹೆರಿಗೆಗೆಂದು ಲೋಕಿಕೆರೆಗೆ ಹೋಗಿ ಎರಡು ವಾರ ಉಳಿದಿದ್ದಳು. ಆಗ ಅವಳಿಗೆ ಅರ್ಧ ಪಾಲು ಕೊಟ್ಟಿದ್ದರು.

“ಕೆಲಸಕ್ಕೆ ಬರದಿದ್ರೂ ಪಾಲು ಕೊಟ್ರೇ?” ಎಂದಳು ಮೀನಾಕ್ಷಿ.

“ಬಂದಿದ್ರೆ ಪೂರ್ತಿ ಕೊಡ್ತಿದ್ವಿ,” ಎಂದಳು ಊರಮ್ಮ. ಅದರಲ್ಲಿ ಕೇಳುವುದೇನಿದೆ ಎಂಬಂತೆ.

ಲೆಕ್ಕಶಾಸ್ತ್ರದಲ್ಲಿ ಅದಕ್ಕೆ ಬಾಬ್ತಿಲ್ಲ. ಕೆಲಸ ಮಾಡದವಳಿಗೆ ಕೊಟ್ಟದ್ದು ಕೂಲಿಯಲ್ಲ. ಯಜಮಾನ ಕೊಡದದ್ದರಿಂದ ರಜೆಯ ಸಂಬಳವೂ ಅಲ್ಲ. ಮರಳಿ ಕೊಡಬೇಕಿಲ್ಲವಾದ್ದರಿಂದ ಸಾಲವೂ ಅಲ್ಲ. ಮೀನಾಕ್ಷಿ ಬಹಳ ಹೊತ್ತು ಯೋಚಿಸಿ ಕೂಲಿಯಲ್ಲೇ ಬರೆದು, ಷರಾದಲ್ಲಿ ‘ಗೈರುಹಾಜರಿ, ಗುಂಪಿನವರು ಕೊಟ್ಟದ್ದು’ ಎಂದು ಸೇರಿಸಿದಳು. ಪ್ರತಿ ಸಾಲು ತಿದ್ದಿದಾಗಲೂ ಯಂತ್ರ ಕೇಳಿತು: ‘ಇದರಿಂದ ಒಂದು ನಿಯಮ ಮಾಡಲೇ?’

ನೀರು ಬರದ ವಾರ ಮತ್ತು ದರ್ಗಾದ ವಾರ ಕೊನೆಗೂ ಬಗೆಹರಿಯಲಿಲ್ಲ. ಉಚ್ಚೆಂಗೆಮ್ಮ ತನ್ನ ಮಾತು ಬಿಡಲಿಲ್ಲ. ಖತೀಜಾಬೀ ಸೋತು, “ಹೋಗ್ಲಿ ಬಿಡ್ರಿ, ಅವಳದ್ದೇ ಬರೀರಿ,” ಎಂದಳು. ಊರಮ್ಮ ಅದಕ್ಕೆ ಒಪ್ಪಲಿಲ್ಲ. ಆ ಎರಡು ವಾರಗಳ ಷರಾದಲ್ಲಿ ಮೀನಾಕ್ಷಿ ‘ಒಲೆಯ ಮುಂದೆ ಯಾರಿದ್ದರೆಂಬುದರಲ್ಲಿ ಒಮ್ಮತವಿಲ್ಲ’ ಎಂದು ಬರೆದಳು. ‘ಇತರೆ’ಯನ್ನು ಸಹಿಸದವಳು ತನ್ನ ಕೈಯಿಂದಲೇ ಅದಕ್ಕಿಂತ ಕೆಟ್ಟದ್ದನ್ನು ಬರೆದಿದ್ದಳು. ಅಂದು ಹರಿಹರದ ಬಸ್ಸಿನಲ್ಲಿ ಅವಳಿಗೆ ಕೂರಲು ಸೀಟು ಸಿಗಲಿಲ್ಲ. ಸಿಕ್ಕಿದ್ದರೂ ಕೂರುತ್ತಿರಲಿಲ್ಲ.

ಮನೆಯಲ್ಲಿ ಅಂಜನಕುಮಾರ ಕೇಳಿದ: “ಆತೇನು?”

“ಆಗಿಲ್ಲ. ಎರಡು ವಾರ ಹಂಗೇ ಉಳಿದ್ವು.”

“ಸುಮ್ನೆ ಯಾರದಾದ್ರೂ ಒಬ್ಬರದ್ದು ಹಾಕೋದಪ್ಪ.”

“ಚಾ ಬೇಕೇನು ನಿಮಗೆ?”

“ಬೇಕು.”

“ಹಂಗಾದ್ರೆ ಸುಮ್ನಿರ್ರಿ.”

ಸೋಮವಾರ ಶಿವಕುಮಾರ ಬಂದ. ಮೊದಲು ತಿದ್ದುಪಡಿಗಳ ಚರಿತ್ರೆಯನ್ನೇ ತೆರೆಸಿದ. ಸಮಪಾಲಿನ ತಪ್ಪು ಅಲ್ಲೇ ಇತ್ತು. ಅದರ ಮೇಲೆ ಮೂರು ತಿಂಗಳ ಸಾಲುಗಳು ಒಂದೊಂದಾಗಿ, ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆಯಾಗಿ ಬದಲಾಗಿದ್ದವು. ಷರಾಗಳನ್ನು ಓದುತ್ತ ಹೋದ. ಖತೀಜಾಬೀ ಬಾಗಿಲ ಬಳಿ ಸುಟ್ಟ ಕೈಯನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು. ಅವಳ ಕಣ್ಣು ಪರದೆಯ ಮೇಲಿರಲಿಲ್ಲ. ಶಿವಕುಮಾರನ ಹುಬ್ಬಿನ ಮೇಲಿತ್ತು.

“ಗೈರುಹಾಜರಿ, ಆದ್ರೂ ಅರ್ಧ ಪಾಲು. ಯಾಕ್ರಿ ಇದು?”

“ನಾನು ಹೆರಿಗೆ ಮಾಡ್ಸಾಕೆ ಹೋಗಿದ್ದೆ ಸ್ವಾಮಿ,” ಎಂದಳು ಉಚ್ಚೆಂಗೆಮ್ಮ. “ಹೆಣ್ಣು ಮಗು. ನಮ್ಮಲ್ಲಿ ಹಂಗೇ ಕೊಡೋದು.”

“ಈ ಎರಡು ವಾರ? ಒಮ್ಮತವಿಲ್ಲ ಅಂದ್ರೆ?”

“ಬೆಂಕಿ ಮುಂದೆ ನಾನಿದ್ದೆ ಸ್ವಾಮಿ.”

“ಇರ್ಲಿಲ್ಲ,” ಎಂದಳು ಊರಮ್ಮ.

ಇಬ್ಬರೂ ಮತ್ತೆ ಶುರು ಮಾಡಿದರು. ಶಿವಕುಮಾರ ಕೈ ಎತ್ತಿದ. “ಸಾಕು ಸಾಕು. ಸುಳ್ಳು ಲೆಕ್ಕ ಆಗಿದ್ರೆ ಇಷ್ಟು ಕೆಟ್ಟದಾಗಿ ಇರ್ತಿರ್ಲಿಲ್ಲ.” ಆ ಎರಡು ವಾರಗಳನ್ನು ಲೆಕ್ಕದಿಂದ ಹೊರಗಿಟ್ಟ. ಉಳಿದ ವಾರಗಳಿಗೆ ಖತೀಜಾಬೀಗೆ ಕೊಟ್ಟದ್ದೆಂದು ಬರೆದಿದ್ದ ಪಾಲನ್ನು ಹಾಗೆಯೇ ಒಪ್ಪಿ ಸಹಿ ಹಾಕಿದ.

ಹಣ ಬರಲು ತಡವಾಯಿತು, ಆದರೆ ಬಂತು. ಖತೀಜಾಬೀ ನೆನೆಸಿದಷ್ಟು ಬರಲಿಲ್ಲ. ಮುಂದಿನ ಚಿಕಿತ್ಸೆಗೆ ಸಾಕಾಯಿತು, ಕೆಲವು ತಿಂಗಳ ಅಕ್ಕಿಗೆ ಸಾಕಾಯಿತು. ಬಲಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ.

ಇಷ್ಟಾದ ಮೇಲೆ ಮೀನಾಕ್ಷಿ ಸುಮ್ಮನಿರುವವಳಲ್ಲ. ಮತ್ತೆ ಹೀಗಾಗಬಾರದೆಂದು ಅವಳು ನಾಗರಾಜಪ್ಪನವರನ್ನು ಒಪ್ಪಿಸಿದಳು: ಇನ್ನು ಮೇಲೆ ನಾಲ್ವರಿಗೂ ಅವರವರ ಖಾತೆಗೇ ಕೂಲಿ. ನಾಲ್ಕು ಹೆಸರು, ನಾಲ್ಕು ನಿಯಮ, ಮುಂದೆ ಯಾರೂ ಕೈಯಿಂದ ತಿದ್ದಬೇಕಿಲ್ಲ. ಇದನ್ನು ಹೇಳಲು ಹೆಂಗಸರ ಬಳಿ ಹೋದಾಗ ಅವಳಿಗೆ ಹೊಗಳಿಕೆಯ ನಿರೀಕ್ಷೆಯಿತ್ತು.

ಸುನೀತಾ ನೇರವಾಗಿ ಹೇಳಿದಳು: “ಬ್ಯಾಡ್ರಿ ಅಕ್ಕಾರೆ. ಖಾತೆ ನನ್ನ ಹೆಸರಲ್ಲೈತೆ, ಫೋನು ನಮ್ಮೆಜಮಾನ್ರ ಕೈಯಾಗೈತೆ. ದುಡ್ಡು ಬಿದ್ದ ಸದ್ದು ಮೊದ್ಲು ಅವ್ರಿಗೇ ಕೇಳ್ತದೆ.”

“ನಂದು ಪಾಸ್‌ಬುಕ್ಕು ಮಗನ ಹತ್ರ,” ಎಂದಳು ಖತೀಜಾಬೀ. “ವಿಮೆ ರೊಕ್ಕದಾಗೇ ಅರ್ಧ ಅವನು ಕೇಳಿದ. ಕೊಡದೆ ಹೆಂಗಿರ್ಲಿ?”

“ಊರಮ್ಮನ ಫೋನಿಗೇ ಬರ್ಲಿ,” ಎಂದಳು ಉಚ್ಚೆಂಗೆಮ್ಮ. “ಅವಳು ಮೋಸ ಮಾಡಿದ್ರೆ ಜುಟ್ಟು ಹಿಡಿಯಾಕಾದ್ರೂ ಬರ್ತದೆ. ಬ್ಯಾಂಕಿನ ಜುಟ್ಟು ಎಲ್ಲೈತೆ?”

ಮೀನಾಕ್ಷಿ ವಾದಿಸಿದಳು. ಕಾನೂನು ಹೇಳಿದಳು, ವಿಮೆ ಹೇಳಿದಳು, ಇನ್ನೊಂದು ಅವಘಡ ಆದರೆ ಎಂದು ಹೆದರಿಸಿದಳು. ಅವಳು ಹೇಳಿದ್ದೆಲ್ಲ ಸರಿಯೇ. ಅವರು ಹೇಳಿದ್ದೂ ಸರಿಯೇ. ಅವರ ಹೆಸರು ಲೆಕ್ಕದಲ್ಲಿ ಇರಬೇಕು, ಬ್ಯಾಂಕಿನ ವಿವರದಲ್ಲಿ ಇರಬಾರದು. ಎರಡೂ ಆಗಬೇಕಾದರೆ ಒಂದೇ ದಾರಿ: ವಾರವಾರವೂ ಯಾರಾದರೂ ಬಂದು, ಕೂತು, ಕೇಳಿ ಬರೆದುಕೊಳ್ಳಬೇಕು.

ಹೀಗೆ ಶನಿವಾರದ ಮಧ್ಯಾಹ್ನಗಳು ಮೀನಾಕ್ಷಿಯ ಕೈತಪ್ಪಿದವು. ಊರಮ್ಮನ ಹೆಸರಿನ ನಿಯಮ ಪಟ್ಟಿಯಲ್ಲಿ ಇನ್ನೂ ಇದೆ. ಅದು ತಾನಾಗಿ ಕೆಲಸ ಮಾಡದಂತೆ ಅದರ ಮುಂದಿನ ಗುರುತನ್ನು ಅವಳು ತೆಗೆದಿದ್ದಾಳೆ. ಔಷಧಿ ಅಂಗಡಿಯ ಲೆಕ್ಕವನ್ನು ಶುಕ್ರವಾರಕ್ಕೆ ತಳ್ಳಿದ್ದಾಳೆ. ಗೋಣಿಚೀಲದ ಮೇಲೆ ಕೂತು, ಮಂಡಕ್ಕಿಯ ದೂಳಿಗೆ ಲ್ಯಾಪ್‌ಟಾಪಿನ ಮೇಲೆ ಸೆರಗು ಹಿಡಿದು, ಜಗಳ ಮುಗಿಯುವುದನ್ನು ಕಾಯುತ್ತಾಳೆ.

ಮೊನ್ನೆ ಶನಿವಾರ ಜಗಳ ಖತೀಜಾಬೀಯದೇ. ಅವಳು ಕೆಲಸಕ್ಕೆ ಮರಳಿ ಬಂದಿದ್ದಳು. ಜರಡಿ ಹಿಡಿಯಲು ನೋಡಿದಳು, ಆಗಲಿಲ್ಲ. ಎಡಗೈಯಲ್ಲಿ ಚೀಲದ ಬಾಯಿ ಹಿಡಿದು ವಾರ ಕಳೆದಳು. ತನಗೆ ಅರ್ಧ ಪಾಲು ಸಾಕೆಂದು ಅವಳು, ಮುಕ್ಕಾಲು ಎಂದು ಸುನೀತಾ. ಈಗ ಒಲೆಯ ಮುಂದೆ ನಿಲ್ಲುವ ಉಚ್ಚೆಂಗೆಮ್ಮ ಮಾತೇ ಆಡಲಿಲ್ಲ. ಖತೀಜಾಬೀಗೆ ಹೆಚ್ಚು ಕೊಟ್ಟಷ್ಟೂ ಒಲೆಯವಳ ಒಂದೂವರೆಯಲ್ಲಿ ಕಡಿತವಾಗುವ ಮಾತದು. ಮೀನಾಕ್ಷಿ ಎರಡು ಸಲ ಎದ್ದು ರಸ್ತೆಯ ಕಡೆ ನೋಡಿ ಬಂದಳು.

“ಬಸ್ಸು ಹೋಗ್ತದೇನ್ರಿ?” ಎಂದಳು ಊರಮ್ಮ.

“ಹೋತು.”

“ಹಂಗಾದ್ರೆ ಕೂಡ್ರಿ, ಯಾಕ ಒದ್ದಾಡ್ತೀರಿ?” ಊರಮ್ಮ ನೋಟುಗಳನ್ನು ಮೊಣಕಾಲ ಮೇಲೆ ತಟ್ಟಿ ಸಮ ಮಾಡಿದಳು. “ಬರ್ಕೊಳ್ರಿ. ಉಚ್ಚೆಂಗಿಗೆ ಒಂದೂವರೆ. ನಂಗೆ ಮುಕ್ಕಾಲು. ಸುನೀತಾಗೆ ಮುಕ್ಕಾಲು. ಬೀಬೀಗೆ ಒಂದು.”

“ಅವಳು ಒಂದು ಪಾಲಿನ ಕೆಲಸ ಮಾಡ್ಯಾಳೇನು?” ಎಂದಳು ಮೀನಾಕ್ಷಿ.

“ಮಾಡಿಲ್ಲ. ಪಾಲು ಐತೆ.”

ಖತೀಜಾಬೀ ಏನೋ ಹೇಳಲು ಹೋದಳು. “ಸುಮ್ನಿರು ನೀನು,” ಎಂದಳು ಉಚ್ಚೆಂಗೆಮ್ಮ. ತನ್ನ ಒಂದೂವರೆ ಉಳಿದದ್ದಕ್ಕೆ ಅವಳಿಗೆ ಮಾತು ಮರಳಿತ್ತು.

ಮೀನಾಕ್ಷಿ ನಾಲ್ಕು ಮೊತ್ತಗಳನ್ನು ಬರೆದಳು, ಕೂಡಿ ನೋಡಿದಳು, ಉಳಿಸಿದಳು. ಯಂತ್ರ ಎಂದಿನಂತೆ ಕೇಳಿತು: ‘ಇದರಿಂದ ಒಂದು ನಿಯಮ ಮಾಡಲೇ?’

ಅವಳು ‘ಬೇಡ’ ಒತ್ತಿ, ಲ್ಯಾಪ್‌ಟಾಪು ಮುಚ್ಚಿ, ಚೀಲದಲ್ಲಿಟ್ಟಳು. ಎರಡು ಹೆಜ್ಜೆ ನಡೆದು, ನಿಂತು, ಚೀಲ ತೆರೆದು ಅದು ಇದೆಯೇ ಎಂದು ನೋಡಿದಳು.